ನಮ್ಮ ಭಾವನವರ ಹುಣಸೆಬೀಜಗಳು

ಸಿಂಚನಾ, ಪ್ರಣವ, ಇಬ್ಬರೂ ಕೇಳಿ. ಅಡಿಗೆಮನೆಯ ಬಾಗಿಲು ಮುನಿಸಿಕೊಂಡಿದೆ ಎಂದು ಊಟ ಬಿಟ್ಟ ವಿಜ್ಞಾನಿಯನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದೇನೆ ಏನು ಬಂತು, ವರ್ಷಾನುಗಟ್ಟಲೆ ಅವರಿಗೆ ಅಡಿಗೆ ಮಾಡಿ ಹಾಕಿದ್ದೇನೆ!

ನಡುಮನೆಯ ಫೋಟೋದಲ್ಲಿ ಎಲ್ಲರೂ ಮುಂದೆ ನೋಡುತ್ತಿದ್ದರೆ ಒಬ್ಬರು ಮಾತ್ರ ನೆಲ ನೋಡುತ್ತಿದ್ದಾರಲ್ಲ, ಅವರೇ ಆ ವಿಜ್ಞಾನಿ. ನಿಮ್ಮ ತಾತನ ಅಣ್ಣ, ನನಗೆ ಭಾವ. ಮೊನ್ನೆ ನೀವು ಆ ಫೋಟೋ ತೋರಿಸಿ ಅವರ ಕಥೆ ಹೇಳು ಅಂದಿರಿ. ನಾನು ಹಾಲು ಉಕ್ಕುತ್ತದೆ ಅಂತ ನೆಪ ಹೇಳಿ ಎದ್ದುಹೋದೆ. ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳುವುದು ನನ್ನಿಂದ ಆಗುವುದಿಲ್ಲ, ನೀವಿಬ್ಬರೇ ಇದ್ದರೂ ಆಗುವುದಿಲ್ಲ. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಅವರ ಹೆಸರು ಮಾತ್ರ ಕೇಳಬೇಡಿ. ಗಂಡನ ಅಣ್ಣನ ಹೆಸರನ್ನು ನಮ್ಮ ಕಡೆಯ ಹೆಂಗಸರು ಬಾಯಲ್ಲಿ ಹೇಳುವುದಿಲ್ಲ. ಬಾಯಲ್ಲಿ ಹೇಳದ್ದನ್ನು ಪೆನ್ನಿನಲ್ಲಿ ಹೇಳಿದರೆ ಎರಡೂ ಒಂದೇ ಅಲ್ಲವೇ?

ನಾನು ಮಾಲೂರಿನ ಆಚೆಯ ಹಳ್ಳಿಯಲ್ಲಿ ಏಳನೇ ಕ್ಲಾಸು ಓದಿ, ಮದುವೆಯಾಗಿ ಹಲಸೂರಿನ ಬಾಡಿಗೆ ಮನೆಗೆ ಬಂದವಳು. ನಿಮ್ಮ ತಾತ ಫ್ಯಾಕ್ಟರಿಗೆ ಹೋಗುತ್ತಿದ್ದರು. ಮನೆಯಲ್ಲಿ ಅತ್ತೆ, ಮತ್ತೆ ಮದುವೆಯೇ ಆಗದ ಈ ಭಾವನವರು. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು, ಉಳಿದ ಹೊತ್ತು ಸಂಶೋಧನೆ. ಬಂದ ಮೊದಲ ವಾರವೇ ಅತ್ತೆ ನನಗೆ ಮನೆಯ ಕಟ್ಟಳೆ ಹೇಳಿಕೊಟ್ಟರು. ಭಾವನ ಎದುರಿಗೆ ನಿಲ್ಲಬಾರದು, ಮುಖ ನೋಡಬಾರದು, ನೇರವಾಗಿ ಮಾತಾಡಬಾರದು. ಏನಾದರೂ ಹೇಳಲೇಬೇಕಾದರೆ ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಬಾಗಿಲಿಗೆ ಹೇಳಬೇಕು. ಕೇಳಿಸಿಕೊಳ್ಳಬೇಕಾದವರು ಆಚೆ ಕಡೆ ಕೇಳಿಸಿಕೊಳ್ಳುತ್ತಾರೆ.

ಅದರಂತೆ ನಾನು, "ಬಾಗಿಲೇ, ಊಟಕ್ಕೆ ಆಗಿದೆ" ಎನ್ನುತ್ತಿದ್ದೆ. ಬೇರೆ ಯಾವ ಮನೆಯಲ್ಲಾದರೂ ಗಂಡಸರು ಒಂದು ಸಲ ಕೆಮ್ಮಿ ಎದ್ದು ಬರುತ್ತಾರೆ. ನಮ್ಮ ಭಾವನವರು ಓದುತ್ತಿದ್ದ ಹಾಳೆಯಿಂದ ತಲೆ ಎತ್ತದೆ, "ಆಗಲಿ ಬಾಗಿಲೇ, ಬಂದೆ" ಎನ್ನುತ್ತಿದ್ದರು. ತಮಾಷೆಗಲ್ಲ! ಮುಖದಲ್ಲಿ ನಗುವಿನ ಸುಳಿವೂ ಇರುತ್ತಿರಲಿಲ್ಲ ಎಂದು ಅತ್ತೆಯೇ ಹೇಳಿದ್ದಾರೆ. ಕಟ್ಟಳೆ ಇರುವುದು ಹೆಂಗಸರಿಗೆ ಎಂದು ಅವರಿಗೆ ಯಾರೂ ತಿಳಿಸಿರಲಿಲ್ಲ. ಬಾಗಿಲಿನೊಡನೆ ಮಾತಾಡುವುದು ಮನೆಯ ಪದ್ಧತಿ, ಎಲ್ಲರೂ ಪಾಲಿಸಬೇಕು ಎಂದುಕೊಂಡಿದ್ದರು.

ಒಂದು ದಿನ ನಾನು ಎದುರುಮನೆಯ ಸೆಲ್ವಿಯ ಜೊತೆ ಶಿವಾಜಿನಗರದ ಮಾರ್ಕೆಟ್ಟಿಗೆ ಹೋಗಿದ್ದೆ. ಅತ್ತೆ ದೇವಸ್ಥಾನದಲ್ಲಿದ್ದರು. ಭಾವನವರು ಬೇಗ ಮನೆಗೆ ಬಂದಿದ್ದಾರೆ. ಬಂದವರು ಬಾಗಿಲನ್ನು ಕೇಳಿದ್ದಾರೆ, ಊಟ ಇದೆಯಾ ಅಂತ. ಬಾಗಿಲು ಮಾತಾಡಿಲ್ಲ. ಎರಡನೇ ಸಲ ಇನ್ನೂ ಮೆಲ್ಲಗೆ ಕೇಳಿದ್ದಾರೆ. ಆಗಲೂ ಇಲ್ಲ. ಬೆಳಿಗ್ಗೆ ಉಪ್ಪಿಟ್ಟು ಅರ್ಧ ಬಿಟ್ಟು ಹೋಗಿದ್ದಕ್ಕೆ ನನಗೆ ಕೋಪ ಬಂದಿದೆ ಎಂದು ತೀರ್ಮಾನ ಮಾಡಿ, ಪಾತ್ರೆಯ ತುಂಬ ಅನ್ನ ಸಾರು ಇದ್ದರೂ ಮುಟ್ಟದೆ, ಹೋಟೆಲಿಗೆ ಹೋಗಿ ಬನ್ನು ತಿಂದಿದ್ದಾರೆ. ಒಂದು ದಿನಕ್ಕೆ ಮುಗಿಯಿತೇ? ಆ ವಾರವೆಲ್ಲ ಬನ್ನು! ಕೊನೆಗೆ ನಿಮ್ಮ ತಾತ, "ಯಾಕಣ್ಣ, ಮನೇಲಿ ಊಟ ಸೇರ್ತಿಲ್ವಾ?" ಎಂದು ಕೇಳಿದ್ದಕ್ಕೆ, "ಬಾಗಿಲಿಗೆ ಸಮಾಧಾನ ಆಗಲಿ ಅಂತ ಕಾಯ್ತಿದೀನಿ" ಎಂದರಂತೆ. ನನ್ನ ಮೇಲೆ ಎಂಥಾ ಅಪವಾದ, ನೋಡಿ!

ಈ ಮನುಷ್ಯ ಸಂಶೋಧನೆ ಮಾಡುತ್ತಿದ್ದದ್ದಾದರೂ ಏನು? ಕಬ್ಬಿಣ ಹೇಗೆ ಅಯಸ್ಕಾಂತ ಆಗುತ್ತದೆ ಎಂದಲ್ಲ. ಅದು ಆಗಲೇ ಎಲ್ಲರಿಗೂ ಗೊತ್ತಿತ್ತಂತೆ. ಅಯಸ್ಕಾಂತದ ಒಳಗೆ ಕಣ್ಣಿಗೆ ಕಾಣದ ಸೂಜಿಗಳಿವೆ ಎಂದುಕೊಳ್ಳಿ. ಒಂದೊಂದಕ್ಕೂ ಅಕ್ಕಪಕ್ಕದ ಸೂಜಿ ಯಾವ ಕಡೆ ಮುಖ ಮಾಡಿದೆಯೋ ತಾನೂ ಅದೇ ಕಡೆ ಮುಖ ಮಾಡುವ ಆಸೆ. ಕೆಂಪಗೆ ಕಾದಾಗ ಎಲ್ಲವೂ ದಿಕ್ಕಾಪಾಲು. ಆರುತ್ತ ಬಂದಾಗ ಇಲ್ಲೊಂದು ಗುಂಪು ಮೇಲೆ ನೋಡುತ್ತದೆ, ಅಲ್ಲೊಂದು ಗುಂಪು ಕೆಳಗೆ ನೋಡುತ್ತದೆ. ಆ ಒಂದೊಂದು ಗುಂಪಿಗೆ ಅವರು ಡೊಮೈನ್ ಎನ್ನುತ್ತಿದ್ದರು. ನಾನು ತೇಪೆ ಎನ್ನುತ್ತೇನೆ, ಹಳೇ ರಜಾಯಿಯ ತೇಪೆಯ ಹಾಗೆ. ದೊಡ್ಡ ತೇಪೆ ಚಿಕ್ಕದನ್ನು ನುಂಗಿ ಇನ್ನೂ ದೊಡ್ಡದಾಗುತ್ತದೆ. ಲೋಹ ಶುದ್ಧವಾಗಿದ್ದರೆ ಈ ಕೆಲಸ ಬೇಗ ಬೇಗ ಆಗುತ್ತದೆ. ಒಳಗೆ ಕಸ ಕಲ್ಮಶ ಇದ್ದರೆ ಎರಡು ತೇಪೆಗಳ ನಡುವಿನ ಗಡಿ ಆ ಕಸಕ್ಕೆ ಒರಗಿಕೊಂಡು ಕೂತುಬಿಡುತ್ತದೆ. ಮೊದಲು ನಿಧಾನ, ಆಮೇಲೆ ಇನ್ನೂ ನಿಧಾನ, ಆಮೇಲೆ ನಿಂತೇ ಹೋಯಿತೇನೋ ಅನ್ನುವಷ್ಟು ನಿಧಾನ. ಹಾಗಾದರೆ ಎಷ್ಟು ಹೊತ್ತಿಗೆ ತೇಪೆ ಎಷ್ಟು ದೊಡ್ಡದಾಗುತ್ತದೆ? ಇದೇ ಅವರ ಸಂಶೋಧನೆ. ಜೀವಮಾನವೆಲ್ಲ ಇದೊಂದೇ!

ಮನೆಯಲ್ಲಿ ಹೆಂಗಸರು ದಿನವೆಲ್ಲ ಏನು ಮಾಡುತ್ತಾರೆ ಎಂದು ಗಂಡಸರು ಕೇಳುತ್ತಾರೆ. ಕಸ ಇರುವ ಕಬ್ಬಿಣವನ್ನು ಕಾಯುತ್ತ ಕೂರುವವರನ್ನು ಯಾರೂ ಏನೂ ಕೇಳಲಿಲ್ಲ. ನನಗೆ ಆಗಲೂ ಕೋಪ ಬರುತ್ತಿತ್ತು, ಈಗಲೂ ಬರುತ್ತದೆ.

ಟೀವಿಯ ವಿಷಯಕ್ಕೆ ಬರುತ್ತೇನೆ. ನಿಮ್ಮ ತಾತ ಆಸೆಪಟ್ಟು ಬಣ್ಣದ ಟೀವಿ ತಂದಿದ್ದರು. ಭಾನುವಾರ ಬೆಳಿಗ್ಗೆ ಸೆಲ್ವಿ, ಪಕ್ಕದ ಮನೆಯ ಟೀಚರಮ್ಮ, ಮಹಡಿ ಮನೆಯ ಹುಡುಗಿ, ಎಲ್ಲರೂ ನಮ್ಮಲ್ಲೇ ಕೂತು ನೋಡುತ್ತಿದ್ದರು. ಒಂದು ಶನಿವಾರ ಭಾವನವರು ಶಿವಾಜಿನಗರದ ಗುಜರಿಯಲ್ಲಿ ಹಳೇ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ ತಂದು, ಇಡಲು ಜಾಗ ಸಿಗದೆ ಟೀವಿಗೆ ಆನಿಸಿ ಇಟ್ಟಿದ್ದಾರೆ. ಇಷ್ಟು ದೊಡ್ಡ ಮನೆಯಲ್ಲಿ ಜಾಗ ಸಿಗಲಿಲ್ಲವಂತೆ! ಭಾನುವಾರ ಟೀವಿ ಹಾಕಿದರೆ ಹೀರೋನ ಒಂದು ಕೆನ್ನೆ ಹಳದಿ, ಹಣೆ ಹಸಿರು, ಅವನ ತಾಯಿ ನೇರಳೆ.

ಸೆಲ್ವಿ ಬಗ್ಗಿ ನೋಡಿ, "ಯಾಕಕ್ಕಾ, ಅವನಿಗೆ ಒಂದು ಕಡೆ ಮಾತ್ರ ಕಾಮಾಲೆ?" ಎಂದಳು.

ಭಾವನವರು ಬರುವ ಸದ್ದಿಗೆ ನಾನು ಬಾಗಿಲ ಹಿಂದೆ ಸರಿದೆ. ಸಂಶೋಧನೆ ನಡೆಸುವವರು ಓಡಿಬಂದು ಏನು ಮಾಡಬೇಕು? ತಪ್ಪಾಯಿತು ಎನ್ನಬೇಕು ತಾನೇ? ಹೆಂಗಸರ ಮಧ್ಯೆ ಮಂಡಿಯೂರಿ, ಗಾಜಿಗೆ ಮೂಗು ತಾಗಿಸಿ, ಹಳದಿ ಎಲ್ಲಿ ಮುಗಿಯುತ್ತದೆ, ಹಸಿರು ಎಲ್ಲಿ ಶುರುವಾಗುತ್ತದೆ ಎಂದು ಬೆರಳಿನಲ್ಲಿ ಗೆರೆ ಎಳೆಯುತ್ತ ಕೂತರು. ಮಾರನೇ ದಿನ ಶಿವಾಜಿನಗರದಿಂದ ರಿಪೇರಿಯವನು ಬಂದ. "ಏನ್ ಸಾಬ್, ಟೀವಿ ಹತ್ರ ಯಾರಾದ್ರೂ ಮ್ಯಾಗ್ನೆಟ್ ಇಡ್ತಾರಾ?" ಎಂದು ಬೈದು, ತಂತಿ ಸುತ್ತಿದ ಬಳೆಯಂಥದ್ದನ್ನು ಗಾಜಿನ ಮುಂದೆ ತಿರುಗಿಸಿದ. ಬಣ್ಣಗಳು ಅಲ್ಲಾಡಿದವು, ಕುಣಿದವು, ಆಮೇಲೆ ಎಲ್ಲ ಸರಿಹೋಯಿತು. ನಾವೆಲ್ಲ ಉಸಿರು ಬಿಟ್ಟೆವು. ಭಾವನವರು ಮಾತ್ರ ಸತ್ತ ಮನೆಯಲ್ಲಿ ನಿಂತವರ ಹಾಗೆ ನಿಂತು, "ಇನ್ನೊಂದು ವಾರ ಬಿಟ್ಟಿದ್ರೆ ಚೆನ್ನಾಗಿತ್ತು" ಎಂದರು.

ಇಂಥವರ ಕೈಯಲ್ಲಿ ನನ್ನ ಹಣೆಬರಹ ಸಿಕ್ಕಿಕೊಂಡಿತು.

ನಿಮ್ಮಮ್ಮ ಏಳನೇ ಕ್ಲಾಸಿನಲ್ಲಿದ್ದಾಗ ನಿಮ್ಮ ತಾತ ಹೋಗಿಬಿಟ್ಟರು. ಎದೆ ನೋವು ಅಂದರು, ಆಸ್ಪತ್ರೆ ತಲುಪಲಿಲ್ಲ. ಅದರ ಬಗ್ಗೆ ನಾನು ಇಲ್ಲಿ ಬರೆಯುವುದಿಲ್ಲ. ಫ್ಯಾಕ್ಟರಿಯವರು ಒಳ್ಳೆಯವರು, ಹೆಂಡತಿಗೆ ಸ್ಟೋರ್ಸಿನಲ್ಲಿ ಕೆಲಸ ಕೊಡುತ್ತೇವೆ, ಯುಗಾದಿಯೊಳಗೆ ಬರುವುದೋ ಇಲ್ಲವೋ ತಿಳಿಸಿ ಎಂದು ಹೇಳಿ ಕಳಿಸಿದರು. ಅದರ ಹಿಂದೆಯೇ ಊರಿನಿಂದ ಚಿಕ್ಕಮಾವ ಬಂದರು. ನನ್ನ ಮಾವನವರ ತಮ್ಮ, ಭಾವನವರಿಗೆ ಚಿಕ್ಕಪ್ಪ. ಕೆಟ್ಟವರಲ್ಲ. ನಮ್ಮ ಮನೆತನದ ಹೆಂಗಸು ಫ್ಯಾಕ್ಟರಿ ಬಸ್ಸು ಹತ್ತುವುದು ಅವರ ಕಲ್ಪನೆಗೇ ನಿಲುಕದ ಸಂಗತಿ, ಅಷ್ಟೇ. ತಾಯಿ ಮಗಳು ಊರಿಗೆ ಬರಲಿ, ಎರಡು ತುತ್ತು ಅನ್ನಕ್ಕೆ ಅಲ್ಲಿ ಕೊರತೆಯಿಲ್ಲ ಎಂದರು. ಅತ್ತೆಯೂ ತಲೆಯಾಡಿಸಿದರು. ಬಂದಿದ್ದ ನೆಂಟರೆಲ್ಲ ತಲೆಯಾಡಿಸಿದರು.

ಆ ಊರಿನ ಶಾಲೆ ಎಷ್ಟರವರೆಗೆ ಇತ್ತು ಗೊತ್ತೇ? ಏಳರವರೆಗೆ. ನನ್ನ ತವರೂ ಅದೇ ಊರು, ನಾನು ಅಲ್ಲಿಯೇ ಓದಿದವಳು, ನನಗೆ ಗೊತ್ತಿಲ್ಲವೇ? ಏಳಾದ ಮೇಲೆ ನನ್ನನ್ನು ದನದ ಕೊಟ್ಟಿಗೆಗೆ ಹಚ್ಚಿದ್ದೂ ನೆನಪಿದೆ. ನಿಮ್ಮಮ್ಮ ಆಗಲೇ ಲೆಕ್ಕದಲ್ಲಿ ಕ್ಲಾಸಿಗೇ ಮುಂದು. ಊರಿಗೆ ಹೋದರೆ ಅವಳ ಓದು ಅಲ್ಲಿಗೆ ಮುಗಿಯುತ್ತಿತ್ತು. ನಾನು ಬಾಗಿಲ ಹಿಂದೆ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದೆ. ಇನ್ನು ಉಳಿದವರು ಯಾರು? ಮನೆಗೆ ಹಿರಿಯ ಗಂಡಸು ಭಾವನವರು. ಅವರು ಹೂಂ ಎಂದರೆ ಮಾರನೇ ದಿನ ಗಂಟು ಮೂಟೆ ಕಟ್ಟುವುದು, ಉಹೂಂ ಎಂದರೆ ಕೆಲಸಕ್ಕೆ ಹೋಗುವುದು. ಎಲ್ಲರೂ ಅವರ ಮುಖ ನೋಡಿದರು. ಅವರು ನೆಲ ನೋಡುತ್ತಿದ್ದರು. ಬಹಳ ಹೊತ್ತು ನೋಡಿ, "ನಿಧಾನವಾಗಿ ಆಗಲಿ" ಎಂದರು.

ಇದು ಉತ್ತರವೇ?

ಇನ್ನೂ ಕೇಳಿ. ಚಿಕ್ಕಮಾವ ಊರಿಗೆ ಹೋದ ಎರಡು ದಿನಕ್ಕೆ ಹೊರಗಿನಿಂದ ದನಿ ಬಂತು. "ಬಾಗಿಲೇ, ನಡುಮನೆ ತುಂಬ ರಂಗೋಲಿ ಚುಕ್ಕಿ ಇಟ್ಟುಕೊಡೋಕೆ ಆಗುತ್ತಾ? ನಾನು ಇಟ್ಟರೆ ಸೊಟ್ಟ ಆಗುತ್ತೆ." ಮನೆಯಲ್ಲಿ ರಂಗೋಲಿ ಹಾಕುವ ಹಾಗಿಲ್ಲದ ವರ್ಷ ಅದು! ರಂಗೋಲಿ ಅಲ್ಲ, ಸೀಮೆಸುಣ್ಣದ ಚುಕ್ಕಿ ಮಾತ್ರ, ಪೂಜೆಗಲ್ಲ ಎಂದರು. ಕಾಲೇಜಿನ ಕಂಪ್ಯೂಟರಿಗೆ ಸರದಿ ಸಿಗುತ್ತಿಲ್ಲ, ಮನೆಯಲ್ಲೇ ಕೈಯಿಂದ ಮಾಡಿ ನೋಡುತ್ತಾರಂತೆ. ಇಟ್ಟುಕೊಟ್ಟೆ, ಏನು ಮಾಡಲಿ? ಕೆಂಪು ನೆಲದ ಮೇಲೆ ಗೋಡೆಯಿಂದ ಗೋಡೆಗೆ ಚುಕ್ಕಿ.

ಆಮೇಲೆ ಅವರು ಉಗ್ರಾಣದಿಂದ ಹುಣಸೆಬೀಜದ ಚೀಲ ಎಳೆದು ತಂದರು. ವರ್ಷದ ಹುಣಸೆಹಣ್ಣು ಕುಟ್ಟಿ ನಾನು ತೆಗೆದಿಟ್ಟ ಬೀಜ. ಚೌಕಾಬಾರ ಆಡಲು ಹುಣಸೆಬೀಜದ ಒಂದು ಮೈ ಉಜ್ಜಿ ಬಿಳಿ ಮಾಡುತ್ತಾರಲ್ಲ, ಹಾಗೆ ಅಷ್ಟನ್ನೂ ಉಜ್ಜಬೇಕಂತೆ. ಮಗ ಕೇಳಿದ ಎಂದು ಅತ್ತೆ ಹಿತ್ತಿಲಿನ ಕಲ್ಲಿನ ಮೇಲೆ ಕೂತು ಉಜ್ಜಿದರು, ನಿಮ್ಮಮ್ಮ ಉಜ್ಜಿದಳು. ಒಂದೊಂದು ಚುಕ್ಕಿಗೆ ಒಂದೊಂದು ಬೀಜ. ಕೆಲವು ಬಿಳಿ ಮೇಲೆ, ಕೆಲವು ಕಪ್ಪು ಮೇಲೆ, ಕಣ್ಣು ಮುಚ್ಚಿ ಎಸೆದ ಹಾಗೆ. ಅಲ್ಲಲ್ಲಿ ಬೀಜದ ಬದಲು ಒಂದೊಂದು ಪುಟ್ಟ ಕಲ್ಲು. ಬೀಜ ಸೂಜಿ, ಕಲ್ಲು ಕಸ.

ಆಟ ಹೇಗೆಂದು ಅತ್ತೆಗೆ ವಿವರಿಸಿದರು. "ಅಮ್ಮ, ಬೀಜಕ್ಕೆ ಸ್ವಂತ ಬುದ್ಧಿ ಇಲ್ಲ. ಸುತ್ತ ನಾಲ್ಕು ಕಡೆ ನೋಡುತ್ತೆ. ಮೂರು ಕಡೆ ಬಿಳಿ ಇದ್ರೆ ತಾನೂ ಬಿಳಿಗೆ ಮಗುಚಿಕೊಳ್ಳುತ್ತೆ."

"ನಮ್ಮ ನೆಂಟರ ಥರ ಅನ್ನು" ಎಂದರು ಅತ್ತೆ.

ಕಲ್ಲಿಗೆ ಒರಗಿ ನಿಂತ ಗಡಿಯನ್ನು ಎಬ್ಬಿಸಲು ಅಲ್ಲಿ ಒಂದು ಬೀಜ ಹಠ ಮಾಡಬೇಕು, ಸುತ್ತಲಿನವರ ಮಾತು ಕೇಳದೆ ಮಗುಚಬೇಕು. ಅದಕ್ಕೆ ಕವಡೆ ಹಾಕುವುದು. ಎಲ್ಲ ಕವಡೆಯೂ ಅಂಗಾತ ಬಿದ್ದರೆ ಬೀಜಕ್ಕೆ ಹಠದ ಅಪ್ಪಣೆ. ಕಬ್ಬಿಣದಲ್ಲಿ ಆ ಕೆಲಸವನ್ನು ಒಳಗಿನ ಬಿಸಿ ಮಾಡುತ್ತದಂತೆ. ಕವಡೆ ಅತ್ತೆಯ ಕೈಗೆ ಬಂತು. ಅತ್ತೆಗೆ ಚೌಕಾಬಾರ ಎಂದರೆ ಪ್ರಾಣ. ಆದರೆ ಅವರಿಗೆ ಕಪ್ಪಿನ ಮೇಲೆ ಪ್ರೀತಿ, ಅದು ಕೃಷ್ಣನ ಬಣ್ಣ. ಭಾವನವರು ಕಾಲೇಜಿಗೆ ಹೋದಾಗ ಅಲ್ಲೊಂದು ಇಲ್ಲೊಂದು ಬಿಳಿ ಬೀಜವನ್ನು ಉಗುರಿನಿಂದ ಮಗುಚಿಬಿಡುತ್ತಿದ್ದರು. ಸಂಜೆ ವಿಜ್ಞಾನಿಗಳು ಬಂದು, ಎಲ್ಲಿಂದ ಬಂತು ಈ ಬೆಳವಣಿಗೆ ಎಂದು ತಲೆ ಕೆರೆದುಕೊಳ್ಳುತ್ತಿದ್ದರು!

ನನ್ನ ಸ್ಥಿತಿ ಯೋಚಿಸಿ. ಗಂಡ ಇಲ್ಲ. ಯುಗಾದಿ ಹತ್ತಿರ ಬರುತ್ತಿದೆ. ಮನೆಗೆ ಹಿರಿಯರಾದವರು ನಡುಮನೆಯ ತುಂಬ ಹುಣಸೆಬೀಜ ಹರಡಿಕೊಂಡು, ಅವು ಮಗುಚುವುದನ್ನು ಕಾಯುತ್ತಿದ್ದಾರೆ. ಕಸ ಗುಡಿಸುವಂತಿಲ್ಲ, ಫ್ಯಾನು ಹಾಕುವಂತಿಲ್ಲ. ನಾವೆಲ್ಲ ಗೋಡೆಗೆ ಮೈ ಉಜ್ಜಿಕೊಂಡು ಏಡಿಯ ಹಾಗೆ ಅಡ್ಡಡ್ಡ ನಡೆಯಬೇಕು. ಶುರುವಿನಲ್ಲಿ ದಿನಕ್ಕೊಂದು ಚಿತ್ರ ಆಗುತ್ತಿತ್ತು. ತೇಪೆಗಳು ದೊಡ್ಡವಾದ ಮೇಲೆ ಗಡಿಗಳೆಲ್ಲ ಕಲ್ಲು ಹುಡುಕಿಕೊಂಡು ಒರಗಿಬಿಟ್ಟವು. ಒಂದು ವಾರ ಕವಡೆ ಹಾಕಿದರೂ ಗಡಿ ಕದಲಲಿಲ್ಲ. ನಾನು ತಡೆಯಲಾರದೆ ಬಾಗಿಲಿಗೆ ಹೇಳಿದೆ: "ಬಾಗಿಲೇ, ನಿಂತುಹೋಗಿರೋದನ್ನ ಎಷ್ಟು ದಿನ ನೋಡ್ತಾ ಕೂರೋದು?"

"ನಿಂತಿಲ್ಲ ಬಾಗಿಲೇ, ಕಾಯ್ತಿದೆ" ಎಂದು ಉತ್ತರ ಬಂತು.

ಆ ಬಾಗಿಲಿಗೆ ನಾನು ತಲೆ ಚಚ್ಚಿಕೊಳ್ಳದೆ ಉಳಿದದ್ದೇ ಹೆಚ್ಚು.

ಚಿಕ್ಕಮಾವ ಮತ್ತೆ ಬಂದರು. ಕೂರಲು ಜಾಗವಿಲ್ಲದೆ ಬೀಜಗಳ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತರು. ಮಾತು ತೆಗೆಯುವ ಮುಂಚೆ ಭಾವನವರು ಅವರ ಕೈಗೆ ಕವಡೆ ಕೊಟ್ಟು, "ಒಂದು ಕೈ ಹಾಕಿ ಚಿಕ್ಕಪ್ಪ, ಅಮ್ಮನಿಗೆ ಕೈ ಸೋತಿದೆ" ಎಂದರು. ಹಳ್ಳಿಯ ಗಂಡಸಿನ ಕೈಗೆ ಕವಡೆ ಬಂದರೆ ಕೇಳಬೇಕೇ? ಸಂಜೆಯವರೆಗೆ ಆಡಿದರು, ಬಿಳಿಯ ಪರವಾಗಿ ಅತ್ತಿಗೆಯೊಡನೆ ಜಗಳವೂ ಆಡಿದರು. ಹೊರಡುವಾಗ ನೆನಪಾಗಿ, ನಮ್ಮ ವಿಷಯ ಏನು ಮಾಡಿದೆ ಎಂದು ಕೇಳಿದರು. ಭಾವನವರದು ಅದೇ ಉತ್ತರ, ನಿಧಾನವಾಗಿ ಆಗಲಿ. ಮುಂದಿನ ಸಲವೂ ಹೀಗೇ ಆಯಿತು. ನನಗೆ ಚಿಕ್ಕಮಾವನ ಮೇಲೆ ಬಾರದ ಕೋಪ ಭಾವನವರ ಮೇಲೆ ಬರುತ್ತಿತ್ತು. ಊರಿಗೆ ಹೋಗು ಅನ್ನುವವರು ಬಾಯಿ ಬಿಟ್ಟಾದರೂ ಹೇಳುತ್ತಿದ್ದರು. ಈ ಮನುಷ್ಯನಿಗೆ ಉಹೂಂ ಎಂಬ ಒಂದು ಶಬ್ದ ಹೊರಡಿಸಲು ಏನಾಗಿತ್ತು?

ಯುಗಾದಿಗೆ ಮುಂಚಿನ ಭಾನುವಾರ ಚಿಕ್ಕಮಾವ ಕವಡೆ ಮುಟ್ಟಲಿಲ್ಲ. ಚಪ್ಪಲಿ ಬಿಡುವಾಗಲೇ, ನಾಳೆ ಬೆಳಗಿನ ಬಸ್ಸಿಗೆ ತಾಯಿ ಮಗಳನ್ನು ಕರೆದುಕೊಂಡು ಹೋಗುವುದಾಗಿ ಹೇಳಿದರು. ಆಗ ನಮ್ಮತ್ತೆ, ಮೊದಲ ದಿನ ತಲೆಯಾಡಿಸಿದ್ದ ನಮ್ಮತ್ತೆ, "ಅವಳು ಇಲ್ಲೇ ಇರ್ಲಿ ಕಣಪ್ಪ" ಎಂದರು.

ನನಗೇ ನಂಬಿಕೆ ಬರಲಿಲ್ಲ. ಚಿಕ್ಕಮಾವ, "ಇದೇನು ಅತ್ತಿಗೆ, ಅವತ್ತು ನೀವೇ ಹೂಂ ಅಂದಿದ್ರಿ" ಎಂದರು.

"ಅವತ್ತು ಅಂದಿದ್ದೆ. ಆಮೇಲೆ ಇಷ್ಟು ದಿನ ಈ ಹೊಸಿಲ ಮೇಲೆ ಕೂತು ನೋಡ್ತಾ ಇದೀನಿ. ಎದುರುಮನೆ ಸೆಲ್ವಿ ಕೆಲ್ಸಕ್ಕೆ ಹೋಗ್ತಾಳೆ. ಪಕ್ಕದ ಮನೆ ಟೀಚರಮ್ಮ ಹೋಗ್ತಾರೆ. ಮಹಡಿ ಮೇಲಿನ ಹುಡುಗಿ ಹೋಗ್ತಾಳೆ. ಸಾಯಂಕಾಲ ಹೂವು ಮುಡ್ಕೊಂಡು, ತರಕಾರಿ ತಗೊಂಡು ಮನೆಗೆ ಬರ್ತಾರೆ. ಯಾರಿಗೂ ಏನೂ ಆಗಿಲ್ಲ. ನಮ್ಮವಳಿಗೆ ಮಾತ್ರ ಏನಾಗುತ್ತೆ?"

ಮೂರು ಕಡೆ ನೋಡಿ ಅತ್ತೆ ಮಗುಚಿಕೊಂಡಿದ್ದರು! ಚಿಕ್ಕಮಾವನ ಸುತ್ತ ಅವರ ಊರಿತ್ತು, ಅವರು ಹೇಗೆ ಮಗುಚುತ್ತಾರೆ? ಅವರು ಭಾವನವರ ಕಡೆ ತಿರುಗಿದರು. "ಈ ಮನೆಗೆ ದೊಡ್ಡವನು ನೀನು. ಹೂಂ ಅನ್ನು, ಇಲ್ಲ ಉಹೂಂ ಅನ್ನು. ಇವತ್ತು ಕೇಳ್ಕೊಂಡೇ ನಾನು ಏಳೋದು."

ಬಾಗಿಲ ಸಂದಿಯಲ್ಲಿ ನಾನು ನೋಡುತ್ತಿದ್ದೆ. ಭಾವನವರು ಬೀಜಗಳನ್ನು ನೋಡುತ್ತ ನಿಂತಿದ್ದರು. ತಿಂಗಳುಗಟ್ಟಲೆಯ ಚಿತ್ರ ಅದು, ಒಂದು ಬೀಜ ಆಚೀಚೆ ಆದರೆ ಊಟ ಬಿಡುತ್ತಿದ್ದರು. ಹಾಗೆ ನಿಂತವರು ಕಾಲೆತ್ತಿ ಅದರ ನಡುಮಧ್ಯಕ್ಕೆ ಇಟ್ಟರು. ಗೋಡೆಯ ಬದಿಯಿಂದ ಬರಲಿಲ್ಲ. ಬೀಜಗಳನ್ನು ತುಳಿದುಕೊಂಡು, ಕಲ್ಲುಗಳನ್ನು ಒದ್ದುಕೊಂಡು ನೇರವಾಗಿ ಬಂದರು. "ಲೋ, ತೇಪೆ, ತೇಪೆ" ಎಂದು ಅತ್ತೆ ಕೂಗಿಕೊಂಡರು. ಅವರು ಬಾಗಿಲು ತಳ್ಳಿದರು. ನಾನು ಗೋಡೆಗೆ ಅಂಟಿಕೊಂಡೆ. ಹೋಗಲು ಜಾಗವಿರಲಿಲ್ಲ.

ಆವತ್ತು ಅವರ ಮುಖ ಮೊದಲ ಸಲ ನೇರವಾಗಿ ನೋಡಿದೆ. ಕಣ್ಣು ನಿಮ್ಮ ತಾತನದೇ ಕಣ್ಣು. ಒಂದೇ ಮನೆಯಲ್ಲಿ ಅಷ್ಟು ವರ್ಷ ಇದ್ದೂ ಅದು ನನಗೆ ಗೊತ್ತಿರಲಿಲ್ಲ.

"ನಿನಗೆ ಏನು ಬೇಕಮ್ಮ?" ಎಂದು ಕೇಳಿದರು.

ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. "ಕೆಲಸಕ್ಕೆ ಹೋಗ್ತೀನಿ ಭಾವ. ಮಗು ಇಲ್ಲೇ ಓದ್ಲಿ" ಎಂದೆ. ಬಾಗಿಲಿಗಲ್ಲ, ಅವರಿಗೇ ಹೇಳಿದೆ.

ಅವರು ತಿರುಗಿ, "ಕೇಳಿಸ್ತಾ ಚಿಕ್ಕಪ್ಪ?" ಎಂದರು. ಚಿಕ್ಕಮಾವ ಕೇಳಿಸಿತು ಎಂದರು. ಆಮೇಲೆ ಚೆಲ್ಲಾಪಿಲ್ಲಿಯಾದ ನೆಲ ನೋಡಿ, "ಥೂ, ಬಿಳಿ ಗೆಲ್ಲೋದ್ರಲ್ಲಿತ್ತು ಕಣೋ, ತುಳಿದುಬಿಟ್ಟೆ" ಎಂದು ಪೇಚಾಡಿದರು.

ಭಾವನವರು ಅಲ್ಲಿಂದ ಮುಂದೆ ನೇರವಾಗಿ ಮಾತಾಡಿದರು ಎಂದುಕೊಂಡಿರಾ? ಮಾರನೇ ಬೆಳಿಗ್ಗೆ ನಾನು ಒಲೆ ಹಚ್ಚುವ ಹೊತ್ತಿಗೆ ಹೊರಗಿನಿಂದ ದನಿ ಬಂತು. "ಬಾಗಿಲೇ, ಚುಕ್ಕಿ ಮತ್ತೆ ಇಡಬೇಕಾಗುತ್ತೆ. ನಿನ್ನೆ ಯಾರೋ ತುಳಿದು ಹಾಳು ಮಾಡಿದಾರೆ."

ಯಾರೋ ಅಂತೆ! ಯಾರೋ!

ನಾನು ಫ್ಯಾಕ್ಟರಿಗೆ ಸೇರಿದೆ. ಮೊದಲ ದಿನ ಬಸ್ ಸ್ಟಾಪಿನವರೆಗೆ ಅವರು ಮುಂದೆ ಮುಂದೆ ನಡೆದರು, ನಾನು ಹಿಂದೆ. ಬಸ್ಸು ಬಂದಾಗ ಬಸ್ಸಿನ ಬಾಗಿಲಿಗೆ, "ಹುಷಾರು ಬಾಗಿಲೇ" ಎಂದು ಹೇಳಿ ಹಿಂತಿರುಗಿದರು. ಕಂಡಕ್ಟರ್ ಅವರನ್ನೇ ನೋಡುತ್ತಿದ್ದ. ನಾನು ನಾಚಿಕೆಯಿಂದ ಹಿಡಿಯಾದೆ. ನಿಮ್ಮಮ್ಮ ಏಳು ಮುಗಿಸಿದಳು, ಎಂಟಕ್ಕೆ ಹೋದಳು, ಮುಂದಿನದು ನಿಮಗೆ ಗೊತ್ತಿದೆ.

ಎಷ್ಟೋ ವರ್ಷಗಳಾದ ಮೇಲೆ, ಅತ್ತೆಯೂ ಹೋದ ಮೇಲೆ, ಹಲಸೂರಿನ ಆ ಮನೆಯನ್ನು ಒಡೆದು ಫ್ಲ್ಯಾಟು ಕಟ್ಟುತ್ತೇವೆಂದರು. ನಾವು ಕೆ.ಆರ್. ಪುರದ ಈ ಮನೆಗೆ ಬಂದೆವು. ಇಲ್ಲಿ ಅಡಿಗೆಮನೆಗೂ ನಡುಮನೆಗೂ ನಡುವೆ ಬಾಗಿಲೇ ಇಲ್ಲ, ಈಗಿನ ಫ್ಯಾಷನ್ನು. ಭಾವನವರು ರಿಟೈರಾಗಿದ್ದರು. ಬಂದ ದಿನದಿಂದ ಮಾತು ಬಿಟ್ಟರು. ಬಡಿಸಿದ್ದನ್ನು ತಿನ್ನುವುದು, ನೆಲ ನೋಡುವುದು. ಉಪ್ಪು ಕಡಿಮೆಯಾದರೂ ಹೇಳಲಿಲ್ಲ. ನಾನು ಏನು ಅಪರಾಧ ಮಾಡಿದೆ ಎಂದು ಉರಿದುಹೋದೆ. ಇಷ್ಟು ವರ್ಷ ಬೇಯಿಸಿ ಹಾಕಿದ್ದಕ್ಕೆ ಇದೇ ಮರ್ಯಾದೆಯೇ?

ಒಂದು ಮಧ್ಯಾಹ್ನ ಕೆಳಗೆ ಲಗೇಜ್ ಆಟೋ ನಿಂತಿತು. ಡ್ರೈವರನೂ ಇವರೂ ಸೇರಿ ಒಂದು ಮರದ ಹಲಗೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದರು. ಹತ್ತಿರ ಬಂದ ಮೇಲೆ ಗೊತ್ತಾಯಿತು. ಹಲಸೂರಿನ ಅಡಿಗೆಮನೆಯ ಬಾಗಿಲು! ನನ್ನ ಕೈಯ ಎಣ್ಣೆ ಜಿಡ್ಡು ಕೂಡ ಹಾಗೇ ಇತ್ತು. ಮನೆ ಒಡೆಯುವ ಜಾಗದಲ್ಲಿ ಅದಕ್ಕಾಗಿ ಕಾದು ಕೂತು, ಕಿತ್ತ ಕೂಡಲೇ ಕೇಳಿ ತಂದಿದ್ದರು. ಅದನ್ನು ಅಡಿಗೆಕಟ್ಟೆಯ ಪಕ್ಕ ಗೋಡೆಗೆ ಒರಗಿಸಿದರು. ಕೈ ಕೊಡವಿಕೊಂಡು ಆಚೆ ಹೋಗಿ ಕೂತರು. ಕೂತು, ಎಷ್ಟೋ ತಿಂಗಳ ಮೇಲೆ ಬಾಯಿ ಬಿಟ್ಟರು. "ಬಾಗಿಲೇ, ಒಂದು ಲೋಟ ಕಾಫಿ."

ನಾನು ಕಾಫಿ ಸೋಸುತ್ತ, ಇಷ್ಟು ವರ್ಷ ಒಳಗೆ ಇಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟೆ. "ಬಾಗಿಲೇ, ಅವತ್ತು ಚಿಕ್ಕಮಾವ ಬಂದಾಗೆಲ್ಲ ಉಹೂಂ ಅಂತ ಒಂದು ಮಾತು ಯಾಕೆ ಹೇಳಲಿಲ್ಲ?"

ಆಚೆಯಿಂದ ಉತ್ತರ ಬಂತು: "ಮೊದಲನೇ ದಿನವೇ ಉಹೂಂ ಅಂದಿದ್ರೆ ಎಲ್ಲರೂ ಒಂದು ಕಡೆ, ನಾನೊಬ್ಬ ಒಂದು ಕಡೆ. ನಾಲ್ಕೂ ದಿಕ್ಕಿನಿಂದ ನನ್ನನ್ನ ಮಗುಚಿಬಿಡ್ತಿದ್ರು ಬಾಗಿಲೇ. ನಾನು ಗಟ್ಟಿ ಮನುಷ್ಯ ಅಲ್ಲ. ಅದಕ್ಕೆ ಕಲ್ಲಾಗಿದ್ದೆ. ಕಲ್ಲು ಆ ಕಡೆಯೂ ಅಲ್ಲ, ಈ ಕಡೆಯೂ ಅಲ್ಲ. ಸುಮ್ಮನೆ ಇದ್ದಲ್ಲೇ ಇರುತ್ತೆ. ಗಡಿ ಅದಕ್ಕೆ ಒರಗಿಕೊಂಡು ನಿಲ್ಲುತ್ತೆ. ಅಷ್ಟರಲ್ಲಿ ಅಮ್ಮ ಮಗುಚಿದ್ರೆ ಸಾಕಿತ್ತು."

"ಇದನ್ನ ಅವತ್ತೇ ಹೇಳಬಹುದಿತ್ತಲ್ಲ?"

"ನೀನು ಕೇಳಲಿಲ್ಲವಲ್ಲಮ್ಮ."

ನೋಡಿದಿರಾ, ಕೊನೆಗೂ ತಪ್ಪು ನನ್ನದೇ! ನಾನು ಕಾಫಿ ಲೋಟವನ್ನು ಕುಕ್ಕಿ ಇಟ್ಟೆ. ಸಿಟ್ಟಿನಲ್ಲಿ ಸಕ್ಕರೆ ಎರಡು ಸಲ ಹಾಕಿದ್ದೆ. ಅವರು ತಳದವರೆಗೆ ಕುಡಿದರು.

ಅವರು ಹೋಗಿ ಈಗ ಬಹಳ ದಿನವಾಯಿತು. ಆ ಬಾಗಿಲನ್ನು ಯಾಕೆ ಎಸೆಯುವುದಿಲ್ಲ ಎಂದು ನಿಮ್ಮಮ್ಮ ಕೇಳುತ್ತಲೇ ಇರುತ್ತಾಳೆ. ಅಡಿಗೆ ಮುಗಿದಾಗ ಅಭ್ಯಾಸಬಲದಿಂದ ನನ್ನ ಬಾಯಿಗೆ, "ಬಾಗಿಲೇ, ಊಟಕ್ಕೆ ಆಗಿದೆ" ಎಂದು ಬಂದುಬಿಡುತ್ತದೆ. ಹೇಳಿಬಿಟ್ಟು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನಿಮಗೆ ಹೇಳಲು ನಾಚಿಕೆ, ಆದರೆ ನಿಲ್ಲುತ್ತೇನೆ.

ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿಡಿ. ಫ್ಯಾನಿನ ಗಾಳಿಗೆ ಹಾರದಿರಲಿ ಎಂದು ಇದರ ಮೇಲೆ ಒಂದು ಪುಟ್ಟ ಕಲ್ಲು ಇಟ್ಟಿದ್ದೇನೆ. ಆವತ್ತು ಅವರ ಕಾಲಿಗೆ ಸಿಕ್ಕಿ ಉರುಳಿ ಬಂದು ಅಡಿಗೆಮನೆಯಲ್ಲಿ ನನ್ನ ಪಾದದ ಹತ್ತಿರ ನಿಂತ ಕಲ್ಲು ಅದು. ಓದಿ ಮುಗಿಸಿದ ಮೇಲೆ ಅದನ್ನು ಇದ್ದ ಜಾಗದಲ್ಲೇ ಇಡಿ.